ಆಂಟಿವೈರಸ್ ಆಫ್ ಮಾಡಿಸಿದವರಿಗೆ

ಪರವಾನಗಿ ಕಚೇರಿಯ ಆನ್‌ಲೈನ್ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ಮನೆಯ ಕಂಪ್ಯೂಟರಿಗೆ ವೈರಸ್ ಹೊಕ್ಕಿದ್ದು ಯಾವುದೋ ಕಳ್ಳ ಜಾಲತಾಣದಿಂದಲ್ಲ, ಬಹುಮಾನದ ಆಸೆ ತೋರಿಸುವ ಇಮೇಲಿನಿಂದಲೂ ಅಲ್ಲ. ನಿಮ್ಮ ಅಧಿಕೃತ ತಾಣದಿಂದ, ನಿಮ್ಮವರೇ ತೋರಿಸಿದ ದಾರಿಯಲ್ಲಿ, ಹಾಡುಹಗಲೇ ಹೊಕ್ಕಿತು.

ನನ್ನ ಅಕ್ಕ ಅಂಧ ಮಕ್ಕಳ ಶಾಲೆಗೆ ಪಠ್ಯದ ಚಿತ್ರಗಳನ್ನು ಬೆರಳಿಗೆ ಸಿಗುವಂತೆ ಉಬ್ಬುಗೆರೆಯಲ್ಲಿ ಮಾಡಿಕೊಡುತ್ತಾಳೆ. ಹೃದಯದ ಕವಾಟ, ನದಿಯ ತಿರುವು, ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲಿ ಬಿಡಿಸಿ, ಅಡುಗೆಮನೆಯ ಪಕ್ಕದ ಕೋಣೆಯ ಯಂತ್ರದಲ್ಲಿ ದಪ್ಪ ಹಾಳೆಗೆ ಒತ್ತುತ್ತಾಳೆ. ಕಣ್ಣು ಮುಚ್ಚಿ ತಾನೇ ಸವರಿ ನೋಡಿ, ಗೊಂದಲವಾದರೆ ಮತ್ತೆ ಬಿಡಿಸುತ್ತಾಳೆ. ಇದನ್ನು ಮನೆಯಲ್ಲಿ ಮಾಡುವುದಕ್ಕೂ ನಿಮ್ಮ ಪರವಾನಗಿ ಬೇಕಲ್ಲ, ಅದರ ನವೀಕರಣಕ್ಕೆ ಕೂತಳು. ನಿಮ್ಮ ತಾಣ ಒಂದು ಸಾಫ್ಟ್‌ವೇರ್ ಹಾಕಿಕೊಳ್ಳಲು ಹೇಳಿತು. ಆಂಟಿವೈರಸ್ ಕೆಂಪು ಪಟ್ಟಿ ತೋರಿಸಿ ತಡೆಯಿತು. ಪಾಪ, ಅದಕ್ಕೇನು ಗೊತ್ತು ನಿಮ್ಮ ಘನತೆ? ಅಕ್ಕ ಸಹಾಯವಾಣಿಗೆ ಫೋನ್ ಮಾಡಿದಳು.

"ಆಂಟಿವೈರಸ್ ಆಫ್ ಮಾಡ್ಬಿಡಿ ಮೇಡಂ," ಎಂದರು ನಿಮ್ಮವರು.

"ಏನೂ ಆಗಲ್ವಾ?"

"ನಮ್ದು ಸರ್ಕಾರಿ ಸಾಫ್ಟ್‌ವೇರ್ ಮೇಡಂ. ಆಂಟಿವೈರಸ್ಸು ಯಾರನ್ನ ಕಂಡ್ರೂ ಕಿರುಚಾಡತ್ತೆ. ಎಲ್ರೂ ಆಫ್ ಮಾಡೇ ಹಾಕೋದು."

"ಬೇಡ ಅಕ್ಕಾ, ನೇರವಾಗಿ ಕಚೇರಿಗೇ ಹೋಗೋಣ," ಎಂದೆ. "ಅವರೇ ಹೇಳ್ತಿದಾರಲ್ಲೋ, ಅವರಿಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದು ಗದರಿ ಆಫ್ ಮಾಡಿದಳು.

ಸಂಜೆಯೊಳಗೆ ವರ್ಷಗಟ್ಟಲೆಯ ಚಿತ್ರಗಳೆಲ್ಲ ಬೀಗ ಬಿದ್ದು ಕೂತಿದ್ದವು. ಬೀಗ ತೆಗೆಯಬೇಕಾದರೆ ಹಣ ಕೊಡು ಎಂದು ಪರದೆ ತುಂಬ ಬೆದರಿಕೆ. ಬ್ಯಾಕಪ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು ಸ್ವಾಮಿ. ಅದಿದ್ದ ಡಿಸ್ಕ್ ಆಗ ಅದೇ ಕಂಪ್ಯೂಟರಿಗೆ ಸಿಕ್ಕಿಸಿತ್ತು, ಅದಕ್ಕೂ ಬೀಗ. ನಿಮ್ಮ ಸಾಫ್ಟ್‌ವೇರಿನ ಬೆನ್ನೇರಿಯೇ ವೈರಸ್ ಬಂದದ್ದೆಂದು ದುರಸ್ತಿಯವರು ಬರೆದುಕೊಟ್ಟಿದ್ದಾರೆ. ಅಕ್ಕ ಅಳಲಿಲ್ಲ. ಖಾಲಿ ಯಂತ್ರದ ಮೇಲೆ ಕೈಯಿಟ್ಟುಕೊಂಡು, "ಮಕ್ಕಳ ಪರೀಕ್ಷೆ ಹತ್ರ ಬಂತಲ್ಲೋ," ಎಂದಳು, ಅಷ್ಟೇ.

ನಿಮ್ಮ ಕಚೇರಿಗೆ ಹೋದೆವು. ಗಾಜಿನ ಆಚೆಗಿದ್ದವರು ಕನಿಕರದಿಂದ ಒಂದು ಬಣ್ಣದ ಕರಪತ್ರ ಕೊಟ್ಟರು: ಮನೆಯ ಕಂಪ್ಯೂಟರನ್ನು ಕಾಪಾಡಿಕೊಳ್ಳುವುದು ಹೇಗೆ. ಮೊದಲ ಸಲಹೆಯೇ, ಯಾರು ಹೇಳಿದರೂ ಆಂಟಿವೈರಸ್ ಆಫ್ ಮಾಡಬೇಡಿ! ಯಾರು ಹೇಳಿದರೂ ಎಂದರೆ ನೀವೂ ಸೇರಿದಿರಲ್ಲವೇ? ದೂರು ಕೊಡುತ್ತೇವೆ ಎಂದರೆ, "ಆನ್‌ಲೈನಲ್ಲೇ ಕೊಡಬೇಕು," ಎಂದರು. ಅದಕ್ಕೂ ಅದೇ ಸಾಫ್ಟ್‌ವೇರ್ ಬೇಕಂತೆ. ನಗಬೇಕೋ, ತಲೆ ಚಚ್ಚಿಕೊಳ್ಳಬೇಕೋ?

ಶಾಲೆಯ ಮೇಷ್ಟ್ರು ಅಕ್ಕ ಹಿಂದೆ ಒತ್ತಿಕೊಟ್ಟಿದ್ದ ಹಳೆಯ ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಒಬ್ಬ ವಿದ್ಯಾರ್ಥಿನಿಯನ್ನೂ ಕರೆದುಕೊಂಡು ಮನೆಗೆ ಬಂದರು. ಎಷ್ಟೋ ಕೈಗಳು ಓದಿ ಓದಿ ಗೆರೆಗಳು ಸವೆದುಹೋಗಿದ್ದವು. ಆ ಹುಡುಗಿ ಹಾಳೆ ಸವರುತ್ತಾ, "ಇಲ್ಲಿ ಅಳಿಸಿಹೋಗಿದೆ ಆಂಟಿ, ಆದ್ರೆ ನನ್ನ ಬೆರಳಿಗೆ ನೆನಪಿದೆ. ಇಲ್ಲಿಂದ ಮೇಲಕ್ಕೆ ಹೋಗಿ ಬಲಕ್ಕೆ ತಿರುಗ್ತಿತ್ತು," ಎಂದು ಅಕ್ಕನ ಕೈ ಹಿಡಿದು ತೋರಿಸಿದಳು. ಹಾಗೆ ಜೀವಶಾಸ್ತ್ರದ ಚಿತ್ರಗಳು ಮರಳಿ ಬಂದವು. ಭೂಪಟಗಳಿಗೆ ಸಮಯ ಸಾಲಲಿಲ್ಲ. ಮಕ್ಕಳು ಭೂಗೋಳದ ಪರೀಕ್ಷೆಯನ್ನು ನಕ್ಷೆ ಮುಟ್ಟದೆಯೇ ಬರೆದರು.

ನಿಮ್ಮಿಂದ ಪರಿಹಾರ ಕೇಳುತ್ತಿಲ್ಲ. ಆ ಸಾಫ್ಟ್‌ವೇರನ್ನು ಇವತ್ತೇ ತೆಗೆದುಹಾಕಿ. ಅದನ್ನು ಹಾಕಿಕೊಂಡ ಪ್ರತಿಯೊಂದು ಮನೆಗೂ ಎಚ್ಚರಿಕೆ ಕೊಡಿ. ಆಮೇಲೆ ಆ ಶಾಲೆಗೆ ಹೋಗಿ, ಮಕ್ಕಳೆದುರು ನಿಂತು, ನಡೆದದ್ದನ್ನು ನಿಮ್ಮ ಬಾಯಿಂದಲೇ ಹೇಳಿ. ಹೆದರಬೇಡಿ, ಅವರಿಗೆ ನಿಮ್ಮ ಮುಖ ಕಾಣುವುದಿಲ್ಲ. ದನಿ ಮಾತ್ರ ಚೆನ್ನಾಗಿ ಕೇಳಿಸುತ್ತದೆ.

ಇಂತಿ,
"ತಮ್ಮ ವಿಶ್ವಾಸಿ" ಎಂದು ಬರೆಯಲು ಕೈ ಬಾರದ,
ಬರೀ ಅಕ್ಕನ ತಮ್ಮ