ಕಲಿತ ಕೈ

ಸಿಂಧನೂರು,
೧೪ ಡಿಸೆಂಬರ್ ೨೦೨೪

ಮಗಳು ದೀಪಾಗೆ,

ಜೈಭೀಮ್. ನಾನು, ನಿನ್ನ ಅವ್ವ ಇಲ್ಲಿ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ. ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ನನಗೆ ಅದರಲ್ಲಿ ಎರಡು ಮಾತಿಗಿಂತ ಹೆಚ್ಚು ಬರುವುದಿಲ್ಲ. ಕಾಲುವೆ ಇಲಾಖೆಯಲ್ಲಿ ನಿವೃತ್ತಿಯವರೆಗೂ ಗುಮಾಸ್ತನಾಗಿದ್ದವನಿಗೆ ಕಾಗದವೇ ಸಲೀಸು.

ಊರಲ್ಲಿ ಭತ್ತದ ಸುಗ್ಗಿ. ಮಿಲ್ಲುಗಳ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿವೆ. ಹೊಟ್ಟಿನ ಧೂಳಿಗೆ ಅವ್ವನ ಕೆಮ್ಮು ಮತ್ತೆ ಎದ್ದಿದೆ. ಔಷಧಿ ತಗೋ ಎಂದರೆ, "ಮೊದಲು ಹುಡುಗೀನ ಲಿಂಗಸುಗೂರಿನಿಂದ ಕರ್ಕೊಂಡು ಬಾ, ಆಮ್ಯಾಲ ಕುಡೀತೀನಿ" ಎನ್ನುತ್ತಾಳೆ. ನಿನ್ನ ಆಸ್ಪತ್ರೆಯ ಕೆಲಸ ಹೇಗಿದೆ? ಲ್ಯಾಬಿನಲ್ಲಿ ನಿಂತೇ ಇರಬೇಕು ಎನ್ನುತ್ತಿದ್ದೆ. ರೂಮಿಗೆ ಬಂದು ಬಿಸಿಯಾಗಿ ಏನಾದರೂ ಮಾಡಿಕೊಂಡು ಉಣ್ಣುತ್ತೀಯೋ, ಬ್ರೆಡ್ಡಿನಲ್ಲೇ ರಾತ್ರಿ ಕಳೆಯುತ್ತೀಯೋ?

ಡ್ರಮ್ಸ್ ಮಾರಿಬಿಡಿ ಎಂದು ಅವ್ವನ ಮೊಬೈಲಿಗೆ ನೀನು ಹಾಕಿದ ಮೆಸೇಜು ನೋಡಿದೆ. ಇನ್ನೂ ಮಾರಿಲ್ಲ. ಗಿರಾಕಿ ಹುಡುಕಲೆಂದು ನಿನ್ನ ಗುರು ಹಾಜಿಸಾಬರನ್ನೇ ಕರೆಸಿದ್ದೆ. ಪಡಸಾಲೆಯಲ್ಲಿ ಅವ್ವನ ಹಳೆಯ ಸೀರೆ ಹೊದಿಸಿಟ್ಟ ಡ್ರಮ್ಸಿನ ಮುಂದೆ ಕೂತರು, ಸೀರೆ ಸರಿಸಲಿಲ್ಲ. "ಲಾಲಪ್ಪ, ನನ್ನ ಬ್ಯಾಂಡ್ ಕಂಪನ್ಯಾಗ ಎಷ್ಟೋ ಮಂದಿ ಬಂದ್ರು, ಹೋದ್ರು. ಕೈ ತಾನಾಗೇ ಓಡೋ ಮಂದೀನ ನೋಡೀನಿ. ಕೈನ ಹಿಡದು ಹಿಡದು ಓಡಿಸಿದಾಕಿ ಇಕಿ ಒಬ್ಬಾಕೀನ. ಇದನ್ನ ಮಾರೋ ಕೆಲಸ ನನಗ ಹಚ್ಚಬ್ಯಾಡ" ಎಂದವರು ಚಹಾ ಕೂಡ ಕುಡಿಯದೆ ಎದ್ದುಹೋದರು.

ಅವರು ಹೋದ ಮೇಲೆ ನಿನ್ನ ಮೊದಲ ದಿನಗಳೆಲ್ಲ ನೆನಪಾದವು. ಕಲಿಯುತ್ತೇನೆ ಎಂದು ನೀನು ಹಟ ಹಿಡಿದಾಗ ನಾನು ಒಪ್ಪಿರಲಿಲ್ಲ. ಬಳಗಾನೂರಿನಲ್ಲಿ ನಿನ್ನ ಮುತ್ಯಾ, ಅಂದರೆ ನನ್ನ ಅಪ್ಪ, ಊರವರ ಹೆಣದ ಮುಂದೆಲ್ಲ ಹಲಗೆ ಬಾರಿಸಬೇಕಿತ್ತು. ಒಲ್ಲೆ ಎನ್ನುವ ಹಾಗಿರಲಿಲ್ಲ. ನೌಕರಿ ಸಿಕ್ಕ ದಿನವೇ ನಾನು ಆ ಹಲಗೆಯನ್ನು ಅಲ್ಲೇ ಬಿಟ್ಟು, ಮನೆಯವರನ್ನೆಲ್ಲ ಸಿಂಧನೂರಿಗೆ ತಂದೆ. "ಅದು ಬ್ಯಾರೆ, ಇದು ಬ್ಯಾರೆ ಅಪ್ಪ. ಅದು ಬಾರ್ಸು ಅಂತ ಅವರು ಹೇಳ್ತಿದ್ರು, ಇದು ಬಾರಸ್ತೀನಂತ ನಾ ಹೇಳಾಕತ್ತೀನಿ" ಎಂದೆ ನೀನು. ಮರುದಿನವೇ ನಿನ್ನನ್ನು ಹಾಜಿಸಾಬರ ಕಡೆಗೆ ಕಳಿಸಿದೆ.

ನಿನಗೆ ತಾಳವೇ ಹಿಡಿಯಲಿಲ್ಲ. ಕಾಲು ಪೆಡಲ್ ತುಳಿದರೆ ಕೈಯೂ ಅದರ ಜೊತೆಗೇ ಬೀಳುತ್ತಿತ್ತು. ಹಾಜಿಸಾಬರು ಬೇಸತ್ತು, "ಇಕಿ ಕಿವಿಗೆ ತಾಳ ಬೀಳಾಂಗಿಲ್ಲ, ಹೊಲಿಗಿ ಕ್ಲಾಸಿಗೆ ಹಾಕು" ಎಂದಿದ್ದರು. ಅಂದು ನಾನು ಒಳಗೊಳಗೇ ಹಿಗ್ಗಿದ್ದೆ. ನಮ್ಮ ಮನೆಯಲ್ಲಿ ಹುಟ್ಟಿದವಳಿಗೂ ತಾಳ ಬರದಿರಬಹುದು ಎಂದು ಒಬ್ಬ ಉಸ್ತಾದರೇ ಹೇಳಿದರಲ್ಲ! ನೀನು ಮಾತ್ರ ಬಿಡಲಿಲ್ಲ. ಸೈಕಲ್ ಟ್ಯೂಬಿನ ರಬ್ಬರನ್ನು ಮರದ ತುಂಡಿಗೆ ಬಿಗಿದು ಮನೆಯಲ್ಲಿ ಬಡಿದೆ. ಊಟಕ್ಕೆ ಕೂತಾಗ ಒಂದು ಕಾಲು ಕುಣಿಯುತ್ತಿತ್ತು, ಇನ್ನೊಂದು ಸುಮ್ಮನಿರುವುದನ್ನು ಕಲಿಯುತ್ತಿತ್ತು. ಬೆರಳ ಸಂದಿಯ ಗುಳ್ಳೆ ಒಡೆದು, ಅವ್ವ ಅರಿಶಿನ ಹಚ್ಚಿ ಕಟ್ಟಿದರೆ, ಕಟ್ಟಿನ ಮೇಲೆಯೇ ಕಡ್ಡಿ ಹಿಡಿದೆ. ನಿನ್ನ ಜೊತೆ ಕಲಿಯಲು ಬಂದ ಮಿಲ್ಲಿನವರ ಮಗಳು ಶಿವರಂಜನಿ ಒಂದು ಸಲ ಕೇಳಿದ್ದನ್ನು ಹಾಗೇ ಬಾರಿಸಿ ನಗುತ್ತಿದ್ದಳು. ನೀನು ಅದನ್ನೇ ವಾರಗಟ್ಟಲೆ ಅಗೆದು ತೆಗೆಯುತ್ತಿದ್ದೆ. ಒಂದು ದಿನ ಎರಡೂ ಕೈ, ಎರಡೂ ಕಾಲು ಬೇರೆ ಬೇರೆಯಾಗಿ ನಡೆದು ಒಂದೇ ಕಡೆ ಬಂದು ಸೇರಿದಾಗ ಹಾಜಿಸಾಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಿದ್ದರು. ಅದನ್ನು ಕಣ್ಣಾರೆ ನೋಡಿದವನು ನಾನು.

ಇನ್ನು ಲಿಂಗಸುಗೂರಿನ ಡ್ರಮ್ಸ್ ಸ್ಪರ್ಧೆಯ ಮಾತು. ನೀನು ವೇದಿಕೆಯ ಮೇಲಿದ್ದೆ, ನಾನು ಹಿಂದಿನ ಸಾಲಿನಲ್ಲಿದ್ದೆ. ಅಲ್ಲಿಂದ ನನಗೆ ಕಂಡದ್ದನ್ನು ಹೇಳುತ್ತೇನೆ.

ಅಂದು ನೀನು ಬಾರಿಸಿದ್ದು ಎಂದಿಗಿಂತ ಚೆನ್ನಾಗಿತ್ತು. ಶಿವರಂಜನಿಯದೂ ಚೆನ್ನಾಗಿತ್ತು, ಆದರೆ ನಡುವೆ ಎರಡು ಕಡೆ ಜಾರಿದಳು. ಹಾಜಿಸಾಬರು ನನ್ನ ಮೊಣಕೈ ಒತ್ತಿದರು. ಗೆದ್ದವರು ಮುಂದಿನ ಸುತ್ತಿಗೆ ಕಲಬುರಗಿಗೆ ಹೋಗುತ್ತಾರೆ ಎಂದು ಅವ್ವ ಮನೆಯಲ್ಲಿ ಆಗಲೇ ಹೊಸ ಚೂಡಿದಾರದ ಮಾತು ಶುರು ಮಾಡಿದ್ದಳು. ಆಗ ಆ ಹಿರಿಯ ತೀರ್ಪುಗಾರ ಅಮರಗುಂಡಪ್ಪನವರು ಮೈಕು ಹಿಡಿದರು. ಅವರು ಬಳಗಾನೂರಿನವರು, ರಿಟೈರಾದ ಹೆಡ್‌ಮಾಸ್ತರು. ನಿನ್ನ ಹೆಸರಿನ ಮುಂದೆ ನನ್ನ ಹೆಸರು ಓದಿ ಗುರುತು ಹಿಡಿದರು.

"ಇಬ್ರೂ ಭಾಳ ಛಲೋ ಬಾರಿಸ್ಯಾರ. ಈ ದೀಪಾನ ಮುತ್ಯಾನ ಹಲಗಿ ನಾ ಸಣ್ಣಾಂವ ಇದ್ದಾಗ ಕೇಳೀನಿ, ಏನು ಕೈ ಅದು! ಈ ಹುಡುಗಿಗೆ ಅದು ರಕ್ತದಾಗ ಬಂದೈತಿ, ಕಲಿಯೋ ಜರೂರತ್ತೇ ಇಲ್ಲ. ಆದ್ರ ಶಿವರಂಜನಿ ಮನ್ಯಾಗ ಇದರ ಗಾಳಿ ಸೈತ ಇಲ್ಲ. ಅಂಥಾ ಮನ್ಯಾಗ ಹುಟ್ಟಿ ಇಷ್ಟು ಸಾಧನಾ ಮಾಡ್ಯಾಳಂದ್ರ, ಆ ಸಾಧನಾಕ್ಕ ನಾವು ಬೆಲಿ ಕೊಡಬೇಕೋ ಬ್ಯಾಡೋ?"

ಸಭೆ ಚಪ್ಪಾಳೆ ಹೊಡೆಯಿತು. ಹಾಜಿಸಾಬರು ಎದ್ದುನಿಂತು, "ಸರ್, ಈ ಹುಡುಗಿ ಕೈ ತಿದ್ದಿದಾಂವ ನಾನ್ರೀ" ಎಂದದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಅಮರಗುಂಡಪ್ಪನವರು ನಗುತ್ತ ನಿನ್ನ ತಲೆಯ ಮೇಲೆ ಕೈ ಇಟ್ಟರು. ನಿನ್ನನ್ನು ಹೊಗಳಿದೆ ಎಂದೇ ಅವರು ಮನಸಾರೆ ತಿಳಿದಿದ್ದರು.

ನೀನು ನನ್ನ ಕಡೆ ನೋಡಿದೆ. ನಾನು ಎದ್ದೆ. ಮಾತಾಡಬೇಕೆಂದೇ ಎದ್ದೆ, ದೀಪಾ. ಆದರೆ ಕಾಲು ಬಾಗಿಲ ಕಡೆಗೆ ನಡೆದವು. "ನನ್ನ ಸಲುವಾಗಿ ನಿನಗ ನಾಚಿಕಿ ಆತೇನಪ್ಪ?" ಎಂದು ಅಂದು ಸಂಜೆ ಫೋನಿನಲ್ಲಿ ಕೇಳಿ ನೀನು ಇಟ್ಟುಬಿಟ್ಟೆ. ನನಗೆ ಉತ್ತರ ಹೇಳಲು ಬಿಡಲಿಲ್ಲ. ಬಿಟ್ಟಿದ್ದರೂ ಹೇಳುತ್ತಿದ್ದೆನೋ ಇಲ್ಲವೋ.

ಬಸ್ಸು ಹತ್ತಿದವನಿಗೆ ಸಿಂಧನೂರಿನ ತನಕ ಕೂರಲಾಗಲಿಲ್ಲ. ಮಸ್ಕಿಯಲ್ಲಿ ಇಳಿದು ತಂಗಿ ಹೊನ್ನೂರಮ್ಮನ ಮನೆಗೆ ಹೋದೆ. ನಿನ್ನ ಅತ್ತಿ ಮುಖ ನೋಡಿಯೇ ನೀರು ತಂದಿಟ್ಟಳು. ನಡೆದದ್ದನ್ನೆಲ್ಲ ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಹುಡುಗಿಗೆ ಎಲ್ಲಾ ತಿಳಿಸಿ ಹೇಳಣ್ಣ. ಅಕಿ ಅಲ್ಲಿ ಒಬ್ಬಾಕೀನ ಕುಂತು ಏನೇನ್ ತಿಳ್ಕೊಂಡಿರ್ತಾಳೋ" ಎಂದಳು. ಅಂದಿನಿಂದ ಈ ಕಾಗದವನ್ನು ಬರೆಯುತ್ತಿದ್ದೇನೆ, ಹರಿದುಹಾಕುತ್ತಿದ್ದೇನೆ.

ಮೊನ್ನೆ ಶಿವರಂಜನಿ ಮನೆಗೆ ಬಂದಿದ್ದಳು. ಗೆದ್ದ ಕಪ್ಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. "ಕಾಕಾ, ನಾ ಮನ್ಯಾಗ ಒಂದ್ ದಿನಾನೂ ಪ್ರಾಕ್ಟೀಸ್ ಮಾಡಿಲ್ರೀ. ಕೇಳಿದ್ದು ಕೈಗೆ ಬರ್ತೈತಿ, ಅಷ್ಟ. ಮೈಕಿನಾಗ ಹೇಳಬೇಕಂದೆ, ನಮ್ಮಪ್ಪ ಕಣ್ಣು ಬಿಟ್ರು. ಅಕ್ಕನ ಸಾಧನಾನ ನನ್ನ ಹೆಸರಿಗೆ ಬರದುಬಿಟ್ರಲ್ರೀ" ಎಂದು ಅತ್ತಳು. ಕಪ್ಪನ್ನು ನಿನ್ನ ಡ್ರಮ್ಸಿನ ಪಕ್ಕ ಇಟ್ಟಳು. ಅದು ನಮಗೆ ಬೇಡ ಎಂದೆ. "ನಿನ್ನ ಕೈಯಾಗ ಇರೋದೂ ಸುಳ್ಳಲ್ಲವ್ವ, ತಗೊಂಡು ಹೋಗು" ಎಂದು ಹೇಳಿ ಕಳಿಸಿದೆ. ಕಲಬುರಗಿಗೆ ಅವಳು ಹೋಗಲೇ ಇಲ್ಲ, ಜ್ವರ ಎಂದು ಹೇಳಿದಳಂತೆ. ಈಗ ಹಾಜಿಸಾಬರ ಕಡೆಗೂ ಹೋಗುತ್ತಿಲ್ಲ. ಒಂದೇ ಮಾತು ನಿಮ್ಮಿಬ್ಬರ ಕೈಯನ್ನೂ ನಿಲ್ಲಿಸಿಬಿಟ್ಟಿತು.

ಮತ್ತೆ ಬಾರಿಸು ಎಂದು ನಾನು ಹೇಳುವುದಿಲ್ಲ. ಬಾರಿಸು ಎಂದು ಇನ್ನೊಬ್ಬರು ಹೇಳಿ ಬಾರಿಸುವ ಕಾಲ ನಮ್ಮ ಮನೆಗೆ ಸಾಕು. ಮಾರಲೇಬೇಕೆಂದರೆ ನೀನೇ ಬಂದು ಮಾರು. ನಾಚಿಕೆ ಎಂಬ ಒಂದು ಮಾತನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕು. ನನ್ನ ಮಗಳು ಒಂದು ವಿದ್ಯೆಯನ್ನು ಕಲಿತಳು, ಕಲಿತೇ ಪಡೆದಳು. ನನಗೆ ಗೊತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಬೆರಳುಗಳಿಗೆ ನೋವಾಗದಿರಲಿ, ನಿನ್ನ ನಿದ್ದೆ ತಣ್ಣಗಿರಲಿ. ನಮ್ಮಿಬ್ಬರ ಹಾರೈಕೆ ಸದಾ ನಿನ್ನ ಮೇಲಿದೆ.

ನಿನ್ನ ಅಪ್ಪ,
ಲಾಲಪ್ಪ

ಮರೆತ ಮಾತು ಎಂದು ಇಲ್ಲಿ ಬರೆಯುವುದು ವಾಡಿಕೆ. ಇದು ಮರೆತದ್ದಲ್ಲ. ನನಗೊಬ್ಬ ಅಣ್ಣನಿದ್ದ, ಹುಲುಗಪ್ಪ. ನಿನ್ನ ಹಾಗೇ ಅವನಿಗೂ ತಾಳ ಹಿಡಿಯುತ್ತಿರಲಿಲ್ಲ. ಅಪ್ಪ ಜ್ವರದಲ್ಲಿ ಮಲಗಿದ್ದಾಗ ಊರಿನ ದೊಡ್ಡ ಮನೆಯ ಹೆಣದ ಮುಂದೆ ಅವನೇ ಹಲಗೆ ಹಿಡಿದು ಹೋಗಬೇಕಾಯಿತು. ತಾಳ ತಪ್ಪಿತು. "ರಕ್ತದಾಗ ಇದ್ದದ್ದು ಎಲ್ಲಿ ಹೋಗ್ತೈತಿ? ಸೊಕ್ಕು ಬಂದು ಬೇಕಂತ ತಪ್ಪಸಾಕತ್ತಾನ" ಎಂದು ಆ ಮನೆಯವರು ಅದೇ ಹಲಗೆಯ ಕೋಲಿನಿಂದ ಅವನ ಬೆರಳುಗಳ ಮೇಲೆ ಹೊಡೆದರು. ಮರುದಿನ ಅಣ್ಣ ಮನೆಯಲ್ಲಿರಲಿಲ್ಲ. ಕಾಲುವೆಯ ಗೇಟಿನ ಹತ್ತಿರ ನೀರಿನಲ್ಲಿ ಸಿಕ್ಕ. ಕಲಿಸುವವರಿದ್ದರೆ ಅವನಿಗೂ ಬರುತ್ತಿತ್ತೇನೋ. ನಮ್ಮ ಮನೆಯ ಹುಡುಗನಿಗೆ ಕಲಿಸಬೇಕಾಗುತ್ತದೆ ಎಂದು ಯಾರಿಗೂ ಅನ್ನಿಸಲೇ ಇಲ್ಲ. ಅವನ ಮಣ್ಣಿಗೆ ನಾನು ಬಾರಿಸಿದೆ. ಒಂದು ಪೆಟ್ಟೂ ತಪ್ಪಲಿಲ್ಲ. "ನೋಡ್ರಿ, ಇವನಿಗೆ ರಕ್ತದಾಗ ಐತಿ" ಎಂದರು ಜನ. ನಾನು ಅದನ್ನು ಕಲಿತದ್ದು ಅಣ್ಣನ ಪಕ್ಕ ಕೂತು, ದಿನವೂ ಅವನು ತಪ್ಪುವುದನ್ನು ಕೇಳುತ್ತ ಕೇಳುತ್ತ.