ಮುಟ್ಟದೆ ತೆಗೆದ ರಾಡಿ

ಪರಸಿಹಾಳ, ಚಿತ್ತಾಪುರ ತಾಲೂಕು
೧೧ ಫೆಬ್ರವರಿ ೨೦೦೭

ಮುದ್ದಿನ ಮೊಮ್ಮಗಳು ಲುಂಬಿನಿಗೆ ನಿನ್ನ ಆಯಿಯ ಜೈಭೀಮ.

ಹೇಗಿದ್ದೀ ಮಗಳೆ? ಕೆಮ್ಮು ಕಡಿಮೆಯಾಯಿತೆ? ಹೈದರಾಬಾದಿನ ಹಾಸ್ಟೆಲಿನಲ್ಲಿ ಮೂರು ಹೊತ್ತೂ ಅನ್ನ ತಿಂದು ನೀನು ಸೊರಗಿರುತ್ತೀ ಎಂದು ನನಗೆ ಖಾತ್ರಿಯಿದೆ. ಅದಕ್ಕೇ ದೇವಿಂದ್ರ ಕಾಕಾನ ಕೈಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೆ. ರೊಟ್ಟಿ ಗಂಟನ್ನೂ ಪರೀಕ್ಷೆಗೆ ಕಳಿಸಿದ ಬಾವಿಯ ರಾಡಿಯನ್ನೂ ಒಂದೇ ಫ್ರಿಜ್ಜಿನಲ್ಲಿ ಇಟ್ಟಿಲ್ಲ ತಾನೆ? ನಿಮ್ಮ ಲ್ಯಾಬಿನವರನ್ನು ನಂಬಲಿಕ್ಕಾಗದು. ನಾನು ಆರಾಮಿದ್ದೇನೆ. ಮೊಣಕಾಲು ಮಾತ್ರ ಬಾವಿಯ ಪಾವಟಿಗೆ ಇಳಿಯುವಾಗೊಮ್ಮೆ, ಏರುವಾಗೊಮ್ಮೆ ಬೈಯುತ್ತದೆ. ಕಾಕಾನ ಮಗಳು ಸುಜಾತಾಳ ಮೈಮೇಲಿನ ಗುಳ್ಳೆಗಳು ಒಣಗುತ್ತ ಬಂದಿವೆ. ಇನ್ನು ಮುಂದೆ ಆ ಬಾವಿಯ ನೀರನ್ನು ಮಗುವಿನ ಮೈಗೆ ತಾಕಿಸಬೇಡಿ ಎಂದು ಶಹಾಬಾದದ ಡಾಕ್ಟರು ಹೇಳಿದ್ದಾರೆ.

ಬಾವಿಯ ಸುದ್ದಿ ಕೇಳು. ಹೋದ ಮಳೆಗಾಲದಲ್ಲಿ ಮೇಲಿನ ಫರ್ಸಿ ಕಲ್ಲಿನ ಖಣಿಯ ಪಂಪಿನ ಹತ್ತಿರ ಡೀಸೆಲ್ ಡ್ರಮ್ಮುಗಳು ಉರುಳಿ ಎಣ್ಣೆಯೆಲ್ಲ ನಮ್ಮ ಸಿಹಿನೀರ ಬಾವಿಗೆ ಇಳಿಯಿತಲ್ಲ, ಆ ವಾಸನೆ ಇನ್ನೂ ಹೋಗಿಲ್ಲ. ಬೆಳಗಿನ ಬಿಸಿಲಲ್ಲಿ ನೀರಿನ ಮೇಲೆ ಏಳು ಬಣ್ಣ ಕಾಣುತ್ತವೆ. ಈ ತಿಂಗಳ ಕೊನೆಯ ಸೋಮವಾರ ಪಂಚಾಯಿತಿಯವರು ಸಭೆ ಕರೆದಿದ್ದಾರೆ. ನಿನ್ನ ವರದಿ ಬಂದು, ಎಣ್ಣೆ ತಿನ್ನುವ, ಕಣ್ಣಿಗೆ ಕಾಣದ ಹುಳಗಳು ಕೆಳಗೆ ಜೀವಂತ ಇವೆ ಎಂದಾದರೆ, ಅವುಗಳಿಗೆ ಗಾಳಿ ಊದಿ, ಗೊಬ್ಬರ ಕೊಟ್ಟು, ಎರಡು ಮಳೆಗಾಲ ಕಾಯುತ್ತಾರಂತೆ. ಇಲ್ಲವಾದರೆ ಖಣಿಯ ಕಲ್ಲುಚೂರು ಸುರಿದು ಬಾವಿ ಮುಚ್ಚಿಬಿಡುತ್ತಾರೆ. ಟ್ರ್ಯಾಕ್ಟರ್ ಕೂಡ ಮಾತಾಡಿ ಇಟ್ಟಿದ್ದಾರೆ. ಮುಚ್ಚುವ ಕೆಲಸಕ್ಕೆ ನಮ್ಮ ಜನ ಎಂದೂ ತಡ ಮಾಡಿದವರಲ್ಲ.

ನಳ ಬಂದ ಮೇಲೆ ಹುಟ್ಟಿದ ಹುಡುಗರಿಗೆ ಇದೊಂದು ತಗ್ಗು, ಅಷ್ಟೆ. ನನಗೆ ಹಾಗಲ್ಲ. ನಾನು ಈ ಊರಿಗೆ ಸೊಸೆಯಾಗಿ ಬಂದಾಗ ನಮ್ಮ ಕೇರಿಯವರು ಆ ಪಾವಟಿಗೆ ಇಳಿಯುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು, ಯಾರಾದರೂ ಕಟ್ಟೆಯ ಮೇಲಿಂದ ಸುರಿಯಬೇಕು. ನನಗೆ ಹೆಚ್ಚಾಗಿ ಸುರಿದವಳು ಗುಡಿಯ ಪೂಜಾರಿಯವರ ಮನೆಯ ರುಕ್ಮಿಣಿಬಾಯಿ. ಅವಳೂ ಆಗ ಹೊಸ ಸೊಸೆ, ನನ್ನದೇ ವಯಸ್ಸು. ‘ಮುಟ್ಟಬ್ಯಾಡ, ದೂರ ನಿಂದರು’ ಎಂದು ಅತ್ತೆಗೆ ಕೇಳಿಸುವ ಹಾಗೆ ಜೋರಾಗಿ ಅಂದು, ಆಮೇಲೆ ಮೆಲ್ಲಗೆ ‘ತುಳಜಾ, ಇವತ್ತ ನಿಮ್ಮ ಮನ್ಯಾಗ ಏನ್ ಪಲ್ಯ?’ ಎಂದು ಕೇಳುವಳು. ಪುಂಡಿಪಲ್ಯ ಅಂದರೆ ಅವಳ ಕಣ್ಣು ಅರಳುತ್ತಿದ್ದವು. ಎತ್ತರದಿಂದ ಬಿದ್ದ ನೀರು ಅರ್ಧ ಕೊಡಕ್ಕೆ, ಅರ್ಧ ನನ್ನ ಮೈಗೆ. ಸಿಟ್ಟಿನಿಂದ ಮೈ ಉರಿಯುತ್ತಿತ್ತು. ಬೇಸಿಗೆಯಲ್ಲಿ ಅದೇ ನೀರು ತಂಪೆನಿಸುತ್ತಿದ್ದುದೂ ಸುಳ್ಳಲ್ಲ, ಅದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಿನ್ನಪ್ಪ ತೊಟ್ಟಿಲಲ್ಲಿದ್ದ ವರ್ಷ ನನ್ನವರು, ನಿನ್ನ ಮುತ್ಯಾ ಭೀಮಶ್ಯಾ ಮತ್ತು ಖಣಿಯಲ್ಲಿ ಕಲ್ಲು ಒಡೆಯುವ ಅವರ ಜೊತೆಗಾರರು, ಈ ಪಾವಟಿಗೆಗಳ ಕಲ್ಲು ಕಡಿದವರು ನಮ್ಮ ಅಪ್ಪಂದಿರು ಎಂದು ಹೇಳಿ ಹಗಲು ಹೊತ್ತಿನಲ್ಲೇ ಇಳಿದರು. ಜಗಳ, ಪೊಲೀಸು, ಬಹಿಷ್ಕಾರ ಎಲ್ಲ ಆಯಿತು. ಆ ಕಥೆ ನೀನು ಸಾಕಾಗುವಷ್ಟು ಕೇಳಿದ್ದೀ. ನೀನು ಕೇಳದೆ ಇರುವುದು ಇದು. ನಾನು ಮೊದಲ ಸಲ ಇಳಿದ ದಿನ ಕೊಡ ತುಂಬಲೇ ಇಲ್ಲ. ಕೊನೆಯ ಪಾವಟಿಗೆಯಲ್ಲಿ ಕುಳಿತು ನೀರಿನಲ್ಲಿ ಎರಡೂ ಕೈ ಇಳಿಬಿಟ್ಟೆ. ಮೇಲಿನಿಂದ ನಿನ್ನ ಮುತ್ಯಾ, ‘ಕೊಡ ತುಂಬತೀಯೋ, ನೀರಿಗಿ ಮದರಂಗಿ ಹಚ್ಚತೀಯೋ?’ ಎಂದು ಚೇಷ್ಟೆ ಮಾಡಿದರು. ಕೈಬೆರಳು ಸುಕ್ಕಾಗುವವರೆಗೂ ನಾನು ಏಳಲಿಲ್ಲ. ಈಗ ಅವರೂ ಇಲ್ಲ. ಆ ಪಾವಟಿಗೆಯ ಮೇಲೆ ಕೂತರೆ ಆ ದನಿ ಇನ್ನೂ ಕೇಳಿದಂತಾಗುತ್ತದೆ.

ಇರಲಿ, ನಿನ್ನ ಆರ್‌ಎನ್‌ಎ ವಿಷಯಕ್ಕೆ ಬರುತ್ತೇನೆ. ಹೋದ ಡಿಸೆಂಬರಿನಲ್ಲಿ ಬಂದಾಗ ನಾನು ರೊಟ್ಟಿ ತಟ್ಟುತ್ತಿದ್ದೆ, ನೀನು ಒಲೆಯ ಮುಂದೆ ಕೂತು ಹೇಳಿದ್ದೆ. ‘ಆಯಿ, ಡಿಎನ್‌ಎ ಅಂದ್ರ ನಿನಗ ಬರೂ ಅಡಗಿ ಎಲ್ಲಾ. ಆರ್‌ಎನ್‌ಎ ಅಂದ್ರ ಈಗ ಒಲಿ ಮ್ಯಾಲ ಏನ್ ಕುದಿಲಿಕತ್ತದ, ಅದು.’ ಸತ್ತ ಹುಳದ ಡಿಎನ್‌ಎ ರಾಡಿಯಲ್ಲಿ ಬಹಳ ದಿನ ಉಳಿಯಬಹುದು, ಆರ್‌ಎನ್‌ಎ ಬೇಗ ಅಳಿದುಹೋಗುತ್ತದೆ, ಆದ್ದರಿಂದ ಅದು ಸಿಕ್ಕರೆ ಹುಳ ಬದುಕಿದೆ, ಎಣ್ಣೆ ತಿನ್ನುತ್ತಿದೆ ಎಂದು ತಿಳಿಯಬಹುದು ಅಂದೆ. ನನಗೆ ತಟ್ಟನೆ ಅರ್ಥವಾಯಿತು. ಬಾಲವಾಡಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು ನಾನು, ನನ್ನನ್ನು ಅಷ್ಟು ದಡ್ಡಿ ಎಂದುಕೊಳ್ಳಬೇಡ.

ಮೊದಲ ಸಲ ಕಳಿಸಿದ ರಾಡಿ ಯಾಕೆ ಕೆಟ್ಟಿತು ಎಂದು ಬಾಬುಮಿಯಾನ ಎಸ್‌ಟಿಡಿ ಬೂತಿನಲ್ಲಿ ಪೂರಾ ಹೇಳಲಾಗಲಿಲ್ಲ, ಹಿಂದೆ ಸಾಲು ನಿಂತಿತ್ತು. ನೀನು ಬರಿಗೈ ತಾಕಬಾರದು ಅಂದದ್ದನ್ನು ರುಕ್ಮಿಣಿಬಾಯಿಗೆ ಹೇಳಿದೆ. ನನ್ನ ಮೊಣಕಾಲು ಕಂಡು ಅವಳೇ ಮುಂದೆ ಬಂದಳು. ‘ಮುಟ್ಟಬಾರದು ಅಂದ್ರ ನನಗ ಬಿಡು ತುಳಜಾ, ಹುಟ್ಟಿದಾಗಿಂದ ಅದನ್ನೇ ಮಾಡಿಕೋತ ಬಂದೀನಿ’ ಅಂದಳು. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯಲ್ಲೇ, ಮಡಿಯಿಂದ ಬಂದಳು. ನೀನು ಕಳಿಸಿದ ರಬ್ಬರ್ ಗ್ಲೌಸು, ಪ್ಲಾಸ್ಟಿಕ್ ಚಮಚ ಎರಡನ್ನೂ ಯಾರು ಯಾರು ಮುಟ್ಟಿದ್ದೋ ಏನೋ ಎಂದು ಕಟ್ಟೆಯ ಮೇಲೆ ಬಿಟ್ಟು, ತೊಳೆದ ಬೆರಳಿನಿಂದಲೇ ರಾಡಿ ಚಿವುಟಿ ಕೊಳವೆಗೆ ತುಂಬಿದಳು. ನನಗೂ ಅದು ಸರಿಯೆಂದೇ ಕಂಡಿತು ನೋಡು. ಈ ಊರಲ್ಲಿ ಅವಳ ಕೈಗಿಂತ ಚೊಕ್ಕಟ ಕೈ ಇನ್ನೊಂದಿಲ್ಲ ಎಂದು ನನ್ನ ತಲೆಯೂ ಒಳಗೊಳಗೆ ನಂಬಿಕೊಂಡಿತ್ತು.

ಆಮೇಲೆ ನೀನು ಫೋನಿನಲ್ಲಿ ನಕ್ಕು, ಎಲ್ಲರ ಚರ್ಮದ ಮೇಲೂ ಆರ್‌ಎನ್‌ಎಯನ್ನು ತುಂಡು ಮಾಡುವ ಪದಾರ್ಥ ಇರುತ್ತದೆ, ಯಾವ ಸ್ನಾನಕ್ಕೂ ಪೂರ್ತಿ ಹೋಗುವುದಿಲ್ಲ ಅಂದೆ. ಅದನ್ನು ಹಾಗೇ ಹೋಗಿ ಅವಳಿಗೆ ಹೇಳಿದೆ. ‘ನನ್ನ ಕೈಯಾಗೂ ಅದ ಏನ?’ ಅಂದಳು. ‘ಎಲ್ಲಾರ ಕೈಯಾಗೂ ಅದ ಅಂತ್ರಿ ಬಾಯಾರ’ ಅಂದೆ. ಅಂಗೈ ತಿರುಗಿಸಿ ನೋಡಿಕೊಂಡಳು. ‘ಹಂಗಾದ್ರ ಇಷ್ಟ ವರ್ಷ...’ ಎಂದವಳು ಅಲ್ಲಿಗೇ ನಿಲ್ಲಿಸಿದಳು. ನಾನು ಅವಳನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಇಬ್ಬರೂ ಚಹಾ ಕುಡಿದೆವು, ನಮ್ಮ ಮನೆಯ ಕಪ್ಪಿನಲ್ಲಿ.

ಎರಡನೆಯ ಸಲ ಗ್ಲೌಸು ಹಾಕಿಕೊಂಡು ನಾನೇ ಇಳಿದೆ. ಅವಳು ಕಟ್ಟೆಯ ಮೇಲೆ ಬರ್ಫು ತುಂಬಿದ ಥರ್ಮಾಸು ಹಿಡಿದು ನಿಂತು, ನೋಡಲು ಬಂದವರಿಗೆಲ್ಲ, ತನ್ನ ಮೊಮ್ಮಗ ಅಭಯನಿಗೂ ಸೇರಿಸಿ, ‘ಯಾರೂ ಮುಟ್ಟಬ್ಯಾಡ್ರಿ, ದೂರ ನಿಂದರ್ರಿ’ ಎಂದು ಕೂಗಿದಳು. ಅದೇ ದನಿ, ಅದೇ ಮಾತು. ಕೆಳಗೆ ನನಗೆ ನಗು ತಡೆಯಲಾಗದೆ ಚಮಚ ಅಲುಗಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಎಲ್ಲವೂ ನಗುವಿನದಲ್ಲ. ಅದೇ ಮಧ್ಯಾಹ್ನ ದೇವಿಂದ್ರ ವಾಡಿಗೆ ಹೋಗಿ ರೈಲು ಹಿಡಿದ. ಅವನು ತಲುಪಿಸಿದ್ದಾನೆ, ನಿನಗೆ ಸಿಕ್ಕಿದೆ, ಅಷ್ಟು ಸಾಕು.

ಹೊತ್ತಿಗೆ ಸರಿಯಾಗಿ ಉಣ್ಣು. ತಂಪು ಹೊತ್ತಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೋ. ರುಕ್ಮಿಣಿಬಾಯಿ ನಿನ್ನನ್ನು ಕೇಳಿದ್ದಾಳೆ. ಸುಜಾತಾ ಮುತ್ತು ಕಳಿಸಿದ್ದಾಳೆ. ಬುದ್ಧನ ಕರುಣೆ, ಬಾಬಾಸಾಹೇಬರ ಬುದ್ಧಿ ಎರಡೂ ನಿನ್ನ ಜೊತೆಗಿರಲಿ.

ನಿನ್ನ ದಾರಿ ನೋಡುವ
ಆಯಿ, ತುಳಜಾಬಾಯಿ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಮೊನ್ನೆ ಫೋನಿನಲ್ಲಿ ನೀನು ‘ಹೆದರಬ್ಯಾಡ ಆಯಿ, ಬಾವಿ ನಾ ಉಳಸ್ತೀನಿ’ ಅಂದೆ. ಆಗ ಖುಷಿಯಾಯಿತು, ಈಗ ಹೆದರಿಕೆಯಾಗುತ್ತಿದೆ. ನನ್ನ ಮೇಲಿನ ಪ್ರೀತಿಗೆ ವರದಿಯಲ್ಲಿ ಒಂದು ಅಕ್ಷರವನ್ನೂ ತಿದ್ದಬೇಡ. ಹುಳಗಳು ಸತ್ತಿದ್ದರೆ ಸತ್ತಿವೆ ಎಂದೇ ಬರೆ, ಮೊದಲ ಬುಟ್ಟಿ ಕಲ್ಲು ನಾನೇ ಸುರಿಯುತ್ತೇನೆ. ನಮ್ಮ ಕೈ ತಾಕಿದರೆ ನೀರು ಕೆಡುತ್ತದೆ ಎಂದು ಆ ಬಾವಿಯ ಹೆಸರಲ್ಲಿ ಒಂದು ಸುಳ್ಳನ್ನು ಇಷ್ಟು ವರ್ಷ ಹೇಳಿದರು. ಇನ್ನೊಂದು ಸುಳ್ಳು ನಮ್ಮ ಮನೆಯಿಂದ ಹೋಗುವುದು ಬೇಡ ಮಗಳೆ.