ಎರಡನೇ ಹಾಳೆ

ಸಿಂಗಟಗೆರೆ
೧೨-೧೧-೧೯೭೯

ಚಿರಂಜೀವಿ ಲಕ್ಷ್ಮಣಪ್ಪನಿಗೆ ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದುಬಿಡಬಹುದು. ಆದರೆ ಸುಳ್ಳು ಬರೆಯುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲಪ್ಪ.

ನಿನ್ನ ಭಾವ ಎದ್ದು ಓಡಾಡುತ್ತಿದ್ದಾರೆ. ಕೆಮ್ಮು ಹೋಗಿಲ್ಲ. ಒಂದು ತಿಂಗಳು ನೀರಿಗೆ ಇಳಿಯಬೇಡಿ ಎಂದು ಕಡೂರಿನ ಡಾಕ್ಟರು ಹೇಳಿದ್ದಾರೆ. ಊರಿನ ನೀರಗಂಟಿ ಕೆರೆಗೆ ಇಳಿಯದೆ ತೂಬು ಯಾರು ನೋಡುತ್ತಾರೆ ಎಂದು ಇವರು ನನ್ನ ಮೇಲೆ ರೇಗುತ್ತಾರೆ.

ಆವತ್ತು ನಡೆದದ್ದು ಇಷ್ಟು. ಗೌರಿ ಹಬ್ಬಕ್ಕೆ ಬಾಗಿನದ ಜೊತೆ ನೀನು ಕಾರವಾರದಿಂದ ತಂದುಕೊಟ್ಟೆಯಲ್ಲ, ಮುಖಕ್ಕೆ ಕಟ್ಟುವ ಗಾಜು, ಬಾಯಲ್ಲಿ ಕಚ್ಚುವ ಕೊಳವೆ, ಅದನ್ನು ಹಾಕಿಕೊಂಡು ತೂಬಿನ ಬಾಯಿಗೆ ಸಿಕ್ಕಿದ್ದ ಜೊಂಡು ಕೀಳಲು ಇಳಿದಿದ್ದರು. ಮುಳುಗಿ ಮೇಲೆ ಬಂದಾಗ ಮೊದಲು ಊದಿ ಕೊಳವೆಯ ನೀರು ಚೆಲ್ಲಬೇಕು, ಆಮೇಲೆ ಉಸಿರೆಳೆಯಬೇಕು ಎಂದು ನೀನು ವಾಪಸು ಹೋದ ಮೇಲೆ ಕಾಗದದಲ್ಲಿ ಬರೆದಿದ್ದೆ. ನಾನೂ ಓದಿ ಹೇಳಿದ್ದೆ. ಆಯಾಸದಲ್ಲಿ ಮರೆತು ನೀರನ್ನೇ ಎಳೆದುಬಿಟ್ಟಿದ್ದಾರೆ. ದಡದಲ್ಲಿ ಎತ್ತು ತೊಳೆಯುತ್ತಿದ್ದ ಕೆಂಚಪ್ಪ ನೋಡುತ್ತಲೇ ಇದ್ದನಂತೆ. ಆ ಗಾಜು ಹಾಕಿಕೊಂಡರೆ ಇವರು ಯಾವಾಗಲೂ ಮುಖ ಅಡಿಯಾಗಿಯೇ ತೇಲುವುದು. "ತೂಬು ನೋಡ್ತಾವ್ನೆ ಅಂದ್ಕಂಡೆ ಕಣಕ್ಕ, ಬೆನ್ ಮೇಲೆ ಬೆಳ್ಳಕ್ಕಿ ಬಂದು ಕುಂತಾಗ್ಲೇ ಎದೆ ಧಸಕ್ ಅಂದಿದ್ದು" ಎಂದ. ಅವನೇ ಹಾರಿ ಎಳೆದು ತಂದು ಬೋರಲು ಮಲಗಿಸಿದ್ದು.

ಈಗ ಇವರ ಸಿಟ್ಟೆಲ್ಲ ನಿನ್ನ ಮೇಲೆ. "ಒಬ್ನೇ ಇಳೀಬ್ಯಾಡ ಅಂತ ಒಂದ್ ಮಾತು ನಿನ್ ತಮ್ಮ ಬರ್ದಿದ್ರೆ ನಾನ್ಯಾಕೆ ಒಬ್ನೇ ಹೋಗ್ತಿದ್ದೆ" ಎಂದು ಬಂದವರೆದುರೆಲ್ಲ ಆಡುತ್ತಾರೆ. ಕೆಂಚಪ್ಪನ ಮಗಳ ಕೈಲಿ ನಿನಗೂ ಬೈದು ಬರೆಸಿದರು. ನೀನು ಇನ್ನು ಈ ಹೊಸಿಲು ತುಳಿಯಕೂಡದಂತೆ. ಮುಂದಿನ ಗೌರಿಗೆ ನನಗೆ ಬಾಗಿನ ತರುವವರು ಯಾರು ಎಂದು ಕೇಳಿದೆ.

ಒಬ್ಬರೇ ಇಳಿಯಬಾರದೆಂದು ಎರಡನೇ ಹಾಳೆಯಲ್ಲಿ ಬರೆದಿದ್ದೆನಲ್ಲ ಅಕ್ಕ ಎಂದು ನೀನು ಕೇಳಿದ ಕಾಗದ ನಿನ್ನೆ ಬಂತು. ಇವರಿಗೆ ಓದು ಬಾರದು, ನಾನೇ ಓದಿ ಹೇಳಬೇಕು. ಇನ್ನೂ ಹೇಳಿಲ್ಲ. ಆ ಹಾಳೆ ಲಕೋಟೆಯಿಂದ ಎಲ್ಲೋ ಬಿದ್ದುಹೋಗಿರಬೇಕು ಕಣೋ. ಹಾಗೆಂದು ನೀನೇ ಇವರಿಗೊಂದು ಕಾಗದ ಹಾಕಿದರೆ ತಣ್ಣಗಾಗುತ್ತಾರೆ. ನನಗಂತೂ ಸಾಕಾಗಿದೆ. ಅತ್ತೆ ಹಾಸಿಗೆ ಹಿಡಿದು ಎರಡು ವರ್ಷವಾಯಿತು. ದನ, ನೀರು, ಒಲೆ, ಅವರ ಬಟ್ಟೆ, ಈಗ ಇವರ ಕಷಾಯ. ಕೂತಲ್ಲೇ ನಿದ್ದೆ ಬರುತ್ತದೆ.

ಇಂತಿ ನಿನ್ನ ಅಕ್ಕ
ಶಕುಂತಲ

ತಾ.ಕ.: ಹಾಳೆ ಎಲ್ಲೂ ಬಿದ್ದಿಲ್ಲ. ರಾಗಿ ಡಬ್ಬದ ಅಡಿಯಲ್ಲಿ ನಾನೇ ಮಡಿಸಿಟ್ಟಿದ್ದೇನೆ. ಇವರು ಇಳಿದಾಗಲೆಲ್ಲ ಒಬ್ಬರು ಏರಿಯ ಮೇಲೆ ಕೂತು ಕಣ್ಣು ತೆಗೆಯದೆ ನೋಡುತ್ತಿರಬೇಕು ಎಂದು ನೀನು ಬರೆದಿದ್ದೆ. ಆ ಒಬ್ಬರು ಯಾರು, ನಾನೇ ತಾನೆ. ನಿನ್ನ ಆ ಕಾಗದ ಬಂದ ದಿನ ಅತ್ತೆಯ ಬಟ್ಟೆ ಒಗೆದು ಆಗಷ್ಟೇ ಕೂತಿದ್ದೆ. ಇನ್ನೊಂದು ಕೆಲಸ ಬೇಡವೆನ್ನಿಸಿ ಇವರಿಗೆ ಓದಿ ಹೇಳುವುದನ್ನು ಮೊದಲ ಹಾಳೆಗೇ ನಿಲ್ಲಿಸಿದೆ. ಅಷ್ಟೇ ಕಾರಣ. ಮಧ್ಯಾಹ್ನ ಇವರು ಉಂಡು ಕೂತ ಮೇಲೆ ಎರಡನೇ ಹಾಳೆ ಓದಿ ಹೇಳುತ್ತೇನೆ. ಹೇಳದೆ ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಇದು ನಿನ್ನ ಕೈ ಸೇರಿದ್ದರೆ, ಹೇಳಿದ್ದೇನೆ ಎಂದು ತಿಳಿ.